ಅರ್ಧ ಮುಖಕ್ಕೆ ಒಪ್ಪದವರು

"ಸೂಚನೆ ಅವರಿಗೆ ಅರ್ಥವಾಗಲಿಲ್ಲ ಅಂತ ಒಂದು ಸಾಲು ಬರೆದು ಮುಂದೆ ಹೋಗು" ಎಂದರು ನಮ್ಮ ಮೇಡಂ. ನನ್ನ ಸಂಶೋಧನೆಗೆ ಅವರೇ ಮಾರ್ಗದರ್ಶಕರು. ಅವರ ಸಹಿ ಬೀಳದೆ ನನ್ನ ಪ್ರಬಂಧ ಕಾಲೇಜಿನ ಬಾಗಿಲು ದಾಟುವಂತಿರಲಿಲ್ಲ.

"ಬರೆಯೋದಿಲ್ಲ, ಮೇಡಂ" ಎಂದೆ.

ಹಿಂದಿನದನ್ನು ಹೇಳದೆ ಇದು ತಿಳಿಯುವುದಿಲ್ಲ. ನಾನು ಬೆಳೆದದ್ದು ಗೋವಾದ ವಾಸ್ಕೋದಲ್ಲಿ, ಕನ್ನಡದವರೇ ತುಂಬಿರುವ ಮಂಗೋರ್ ಹಿಲ್‌ನಲ್ಲಿ. ಅಪ್ಪ ಬಂದರಿನಲ್ಲಿ ಹಡಗಿಗೆ ಸರಕು ತುಂಬಲು ಹೋಗುತ್ತಿದ್ದ. ಶಾಲೆಯಲ್ಲಿ ಮೊದಲು ಮರಾಠಿ, ಆಮೇಲೆ ಇಂಗ್ಲಿಷ್. ಕನ್ನಡವೆಂದರೆ ಬಾಗಿಲ ಮುಂದೆ ಅಕ್ಕಿ ಹಸನು ಮಾಡುತ್ತ ಕೂತ ಹಿರಿಯರ ಬಾಯಿಂದ ಕಿವಿಗೆ ಬಿದ್ದದ್ದಷ್ಟೇ. ಓದುತ್ತ ಓದುತ್ತ ಸೌಂದರ್ಯವರ್ಧಕಗಳ ವಿಜ್ಞಾನಕ್ಕೆ ಬಂದೆ. ಬಿಸಿಲಿಗೆ ಒಣಗಿ ಬಿರಿಯುವ ಚರ್ಮಕ್ಕೊಂದು ಕ್ರೀಮು ಮಾಡಿ, ಅದು ಕೆಲಸ ಮಾಡುತ್ತದೋ ಇಲ್ಲವೋ ನೋಡುವುದು ನನ್ನ ವಿಷಯ. ಇಂಥ ಪರೀಕ್ಷೆಗೆ ಹಾಸ್ಟೆಲಿನ ಹುಡುಗಿಯರು ಸುಲಭವಾಗಿ ಸಿಗುತ್ತಾರೆ. ಆದರೆ ಕ್ಯಾಂಟೀನಿಗೂ ಕೊಡೆ ಹಿಡಿದು ಹೋಗುವವರ ಮೇಲೆ ಬಿಸಿಲಿನ ಕ್ರೀಮನ್ನು ಪರೀಕ್ಷಿಸಿ ಏನು ತಿಳಿಯಬೇಕು? ನಮ್ಮ ಓಣಿಯ ಹೆಂಗಸರು ಬೆಳಿಗ್ಗೆ ಬಸ್ಸು ಹತ್ತಿ ಕೊಲ್ವಾದ ಕಡಲ ದಂಡೆಗೆ ಹೋಗಿ, ಮಣಿಸರ, ಕಾಲ್ಗೆಜ್ಜೆ ಮಾರುತ್ತ ಸಂಜೆಯವರೆಗೆ ಮರಳಿನಲ್ಲಿ ತಿರುಗುವವರು. ಅವರನ್ನೇ ಕೇಳಿದೆ.

ಮಾಡಬೇಕಾದದ್ದು ಇಷ್ಟೆ: ಎಡಗಲ್ಲಕ್ಕೆ ಕ್ರೀಮು ಹಚ್ಚಬೇಕು, ಬಲಗಲ್ಲವನ್ನು ಹಾಗೇ ಬಿಡಬೇಕು. ಒಂದೇ ಮುಖ, ಒಂದೇ ಬಿಸಿಲು. ಎರಡು ಗಲ್ಲಗಳಲ್ಲಿ ವ್ಯತ್ಯಾಸ ಕಂಡರೆ ಅದು ಕ್ರೀಮಿನದೇ.

ಅವ್ವನ ಅಕ್ಕ, ನಮ್ಮ ದೊಡ್ಡವ್ವ, ಟ್ಯೂಬನ್ನು ತಿರುವಿ ಮುರುವಿ ನೋಡಿದಳು. "ಅರ್ಧ ಮಾರಿ ಮಿಂಚಿ ಅರ್ಧ ಮಾರಿ ಒಣಗಿದ್ರ ಗಿರಾಕಿ ಸರ ನೋಡ್ತಾನೋ, ನನ್ನ ಮಾರಿ ನೋಡ್ತಾನೋ?"

"ಆ ಕಡೆ ಸೆರಗ ಎಳಕೋ, ದೊಡ್ಡವ್ವಾ."

"ಸೆರಗ ಎಳಕೊಂಡ್ರ ಆ ಗಲ್ಲಕ್ಕ ಬಿಸಲ ಹೆಂಗ ಬಡೀತೈತಿ? ಕಲತಾಕಿ ನೀನ, ನೀನ ಹೇಳು."

ಎಲ್ಲರೂ ನಕ್ಕರು. ನಗುತ್ತಲೇ ಟ್ಯೂಬುಗಳನ್ನು ಸೊಂಟದ ಚೀಲಕ್ಕೆ ಸೇರಿಸಿದರು.

ಪ್ರವಾಸಿಗಳ ಹಂಗಾಮು ಮುಗಿಯುವ ತನಕ, ಚರ್ಮದ ತೇವ ಅಳೆಯುವ ಪುಟ್ಟ ಯಂತ್ರವನ್ನು ಹಿಡಿದು ನಾನು ಮನೆ ಮನೆ ತಿರುಗಿದೆ. ಎಡಗಲ್ಲ ಹೇಗೋ ಬಲಗಲ್ಲವೂ ಹಾಗೆ. ಒಬ್ಬರಲ್ಲೂ ವ್ಯತ್ಯಾಸವಿಲ್ಲ. ನನ್ನ ಕ್ರೀಮು ಬರೀ ನೀರೇನೋ ಎಂದು ಅನುಮಾನ ಬಂತು. ಕೊನೆಗೆ ಒಂದು ಮಧ್ಯಾಹ್ನ ಎಲ್ಲರೂ ಕೂಡಿದ್ದಾಗ ಕೇಳಿಯೇಬಿಟ್ಟೆ: "ಖರೇ ಹೇಳ್ರಿ, ಬಲಗಲ್ಲಕ್ಕೂ ಹಚ್ಚೀರೇನು?"

ಪಕ್ಕದ ಮನೆಯ ಕಾಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಿಸಕ್ಕನೆ ನಕ್ಕಳು.

"ಹಚ್ಚೇವಿ" ಎಂದಳು ದೊಡ್ಡವ್ವ. "ಮದಲನೇ ದಿನದಿಂದಾನ ಹಚ್ಚೇವಿ."

"ನಾ ಹೇಳಿದ್ದು ತಿಳೀಲಿಲ್ಲೇನು?"

"ತಿಳೀತವಾ. ತಿಳದ ಹಚ್ಚೇವಿ. ಮುತ್ತೈದಿ ಮನಿಗೆ ಬಂದ್ರ ಒಂದ ಗಲ್ಲಕ್ಕ ಅರಿಷಿಣ ಹಚ್ಚಿ ಕಳಸ್ತೀಯೇನು? ಹಚ್ಚೂದು ಕೈಯಾಗ ಐತಿ, ಅರ್ಧಾ ಮಾರಿ ಉಪಾಸ ಕೆಡವು ಅಂದ್ರ ನಮ್ಮ ಕೈಲೆ ಆಗಂಗಿಲ್ಲ."

"ಮದಲ ಹೇಳಬಾರದಾಗಿತ್ತೇನು?"

"ಅಷ್ಟ ಆಸೇಲೆ ಬಂದಿದ್ದಿ. ಒಲ್ಲೆ ಅಂದಿದ್ರ ಮಾರಿ ಸಣ್ಣ ಮಾಡ್ಕೊಂಡ ಹೋಗ್ತಿದ್ದಿ."

ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಇಡೀ ಹಂಗಾಮು ನೀರಿನಲ್ಲಿ ಹೋಮವಾಗಿತ್ತು. ಆದರೆ ಯಾರಾದರೂ ಅರಿಷಿಣದ ಬಟ್ಟಲು ಮುಂದೆ ಹಿಡಿದರೆ ನನ್ನ ಕೈಯೂ ಕೇಳದೆಯೇ ಎರಡೂ ಗಲ್ಲಕ್ಕೆ ಹೋಗುತ್ತದೆ.

ಮೇಡಂ ಆ ಒಂದು ಸಾಲು ಬರೆ ಎಂದದ್ದು ಇದನ್ನೆಲ್ಲ ಕೇಳಿದ ಮೇಲೆ. ನಾನು ಒಲ್ಲೆನೆಂದದ್ದಕ್ಕೆ ಮಾತು ಕಾಲೇಜಿನ ಸಂಶೋಧನಾ ಸಮಿತಿಗೆ ಹೋಯಿತು. ಅಲ್ಲಿ ಬೇರೆ ಬೇರೆ ವಿಭಾಗದ ಹಿರಿಯರು ಕೂತಿದ್ದರು. ಅರ್ಥಶಾಸ್ತ್ರದ ಸರ್ ಕನ್ನಡಕ ತೆಗೆದಿಟ್ಟು, "ಓದುಬರಹ ಇಲ್ಲದವರು, ಅರ್ಥವಾಗಿರಲಿಕ್ಕಿಲ್ಲ. ಇದರಲ್ಲಿ ತಪ್ಪೇನಿದೆ?" ಎಂದರು. ಶಿಕ್ಷಣ ವಿಭಾಗದ ಮೇಡಂ, "ನೀನೇ ಸರಿಯಾಗಿ ಕಲಿಸಿಲ್ಲವೇನೋ" ಎಂದರು.

"ಅವರಿಗೆ ಅರ್ಥವಾಗಿದೆ. ಅವರು ಒಪ್ಪಿಲ್ಲ" ಎಂದೆ. "ಅಂಕಿಗಳಲ್ಲಿ ಆಗದ್ದನ್ನು ಆಯಿತೆಂದು ಬರೆದರೆ ನೀವೇ ನನ್ನನ್ನು ಹೊರಗೆ ಹಾಕುತ್ತೀರಿ. ಅವರ ವಿಷಯಕ್ಕೆ ಮಾತ್ರ ಆ ನಿಯಮ ಯಾಕಿಲ್ಲ?"

ವಾಣಿಜ್ಯ ವಿಭಾಗದ ಸರ್ ಮೀಸೆಯಲ್ಲೇ ನಕ್ಕರು. "ಕೊಳ್ಳುವವರು ನಾವು ಹೇಳಿದಂತೆ ಬಳಸದಿದ್ದರೆ ನಾವು ಅವರನ್ನು ದಡ್ಡರೆನ್ನುವುದಿಲ್ಲ. ಹಾಗೆನ್ನುವ ಅಂಗಡಿ ಉಳಿಯುವುದೂ ಇಲ್ಲ."

ಚರ್ಚೆ ನಡೆದು ಕೊನೆಗೆ ತೀರ್ಮಾನವಾಯಿತು: ಮುಖ ಬಿಟ್ಟು ಮುಂಗೈ ಮೇಲೆ, ಮುಂದಿನ ಹಂಗಾಮಿನಲ್ಲಿ, ಮೊದಲಿನಿಂದ ಮಾಡಬೇಕು. ಶಿಷ್ಯವೇತನ ಮುಗಿದಿತ್ತು. ಮಳೆಗಾಲವಿಡೀ ಮಡ್ಕಯಿ ಎಂಬ ಊರಿನ ಒಂದು ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ದುಡಿದೆ. ಮಳೆ ನಿಂತು ದಂಡೆಯ ಮೇಲೆ ಮತ್ತೆ ಜನ ಕಾಣಿಸಿಕೊಂಡಾಗ ಟ್ಯೂಬುಗಳ ಚೀಲ ಹೊತ್ತು ಓಣಿಗೆ ಹೋದೆ.

"ಈ ಸಲ ಮನಸಿನಾಗ ಇದ್ದದ್ದು ಮದಲ ಹೇಳ್ರಿ" ಎಂದೆ. "ಒಂದ ಕೈಗೆ ಹಚ್ಚಿ ಒಂದ ಕೈ ಬಿಡಾಕ ಆಗತೈತೋ ಇಲ್ಲೋ?"

"ಕೈ ಅಂದ್ರ ಅಡ್ಡಿ ಇಲ್ಲ" ಎಂದಳು ಕಾಕಿ. "ಒಂದ ಕೈಗೆ ಮದರಂಗಿ ಹಚ್ಕೊಂಡ ಇನ್ನೊಂದ ಕೈಲೆ ಕೆಲಸಾ ಮಾಡೂದು ನಮಗೇನು ಹೊಸಾದೇನು?"

ಈ ಸಲ ವ್ಯತ್ಯಾಸ ಯಂತ್ರಕ್ಕಿಂತ ಮೊದಲು ಕಣ್ಣಿಗೇ ಕಂಡಿತು. ಮೇಡಂಗೂ ಸಂತೋಷ. "ಇನ್ನೇನು, ಆ ಗಲ್ಲದ ಕಥೆ ತೆಗೆದುಬಿಡು. ಯಾರಿಗೆ ಬೇಕು ಅದು?" ಎಂದರು.

ನಾನು ತೆಗೆಯಲಿಲ್ಲ. 'ಭಾಗವಹಿಸಿದವರು ಸೂಚನೆಯನ್ನು ತಿಳಿದುಕೊಂಡರು, ಆದರೆ ಒಪ್ಪಲಿಲ್ಲ' ಎಂದು ಬರೆದು, ಅದನ್ನು ದೊಡ್ಡವ್ವನಿಗೆ ಕನ್ನಡದಲ್ಲಿ ಹೇಳಿದೆ.

"ಯಾಕ ಒಪ್ಪಲಿಲ್ಲ ಅನ್ನೂದು ಬರದೀಯೇನು?"

"ಇಲ್ಲ."

"ಹಂಗಾರ ಸುಮ್ಮನ ಹಟಾ ಹಿಡದ್ರು ಅಂದಂಗಾತು. ಅದೂ ಬರಿ."

ಬರೆದೆ. ಮುತ್ತೈದೆ, ಅರಿಷಿಣ, ಎರಡು ಗಲ್ಲ, ಎಲ್ಲವನ್ನೂ ಇಂಗ್ಲಿಷಿನಲ್ಲಿ. ಇದು ವಿಜ್ಞಾನವಲ್ಲ ಎಂದು ಮೇಡಂ ಅದರ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು ಕಳಿಸಿದರು. ನಾನು ರಬ್ಬರಿನಿಂದ ಗೆರೆ ಅಳಿಸಿ ಅದೇ ಹಾಳೆಯನ್ನು ಅವರ ಮೇಜಿನ ಮೇಲಿಟ್ಟೆ. ಮತ್ತೆ ಗೆರೆ ಬಂತು, ಮತ್ತೆ ಅಳಿಸಿದೆ. ಉಜ್ಜಿ ಉಜ್ಜಿ ಆ ಜಾಗದಲ್ಲಿ ಕಾಗದ ತೆಳ್ಳಗಾಯಿತು, ಅಕ್ಷರ ಮಾತ್ರ ಹೋಗಲಿಲ್ಲ. ಕಡೆಗೊಂದು ದಿನ ಮೇಡಂ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ಕಡೆ ನೋಡದೆ, ಸಹಿ ಹಾಕಿದರು.