ಫಿದೆಲಿಯಾ ನೋಡಿ ಬರುವ ಏಳನೆಯ ಬಾಗಿಲು

ಬೆಳಗಿನ ಐದೂವರೆ. ಟಿಕುಲ್ ಊರಿನಲ್ಲಿ ಈ ಹೊತ್ತಿಗೆ ಎದ್ದಿರುವುದು ಬ್ರೆಡ್ಡಿನ ಭಟ್ಟಿಯವರು, ಕೋಳಿಗಳು ಮತ್ತು ಊರವರು ಗೌರವದಿಂದ ದೋನ್ಯ ಎಂದು ಕರೆಯುವ ಫಿದೆಲಿಯಾ ಊಕ್. ಅವರ ಮೂರು ಗಾಲಿಯ ಸೈಕಲ್ಲಿನ ಮುಂದಿನ ಹಲಗೆಯ ಮೇಲೆ ಪತ್ರಿಕೆಗೆ ಅವರ ಬಗ್ಗೆ ಬರೆಯಲೆಂದು ನಾನು ಸಾಮಾನಿನ ಹಾಗೆ ಕೂತಿದ್ದೇನೆ. ಎಡಗಡೆಯ ಚಕ್ರ ಸುತ್ತಿಗೊಮ್ಮೆ ಕೀರ್ ಎನ್ನುತ್ತದೆ. ಇದಕ್ಕೊಂದು ತೊಟ್ಟು ಎಣ್ಣೆ ಬಿಡಬಾರದೇ, ಊರೆಲ್ಲ ಎದ್ದೀತು ಎಂದು ರೇಗಿಸಿದೆ. ಬಿಡಬೇಕು ಬಿಡಬೇಕು ಎಂದು ಎರಡು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದಾರಂತೆ.

ಮೊದಲ ಮನೆಯ ಮುಂದೆ ಪೆಡಲು ನಿಧಾನವಾಗುತ್ತದೆ. ಬಾಗಿಲು ತೆರೆದಿದೆ, ಒಳಗೆ ಇಲ್ಲಿ ದೊಡ್ಡವರೂ ಮಲಗುವ ಜೋಲಿ ತೂಗುತ್ತಿದೆ, ಒಲೆಯ ಹೊಗೆ ಬರುತ್ತಿದೆ. ಫಿದೆಲಿಯಾ ತಲೆಯಾಡಿಸಿ ಮುಂದೆ ಹೋಗುತ್ತಾರೆ. ಎರಡನೆಯ ಮನೆಯಲ್ಲಿ ಬಸುರಿ ಹೆಂಗಸು ಅಂಗಳಕ್ಕೆ ನೀರು ಹಾಕುತ್ತಿದ್ದಾಳೆ. ಇಬ್ಬರೂ ಕೈ ಎತ್ತುತ್ತಾರೆ. ಹೀಗೆ ಆರು ಮನೆ. ಆಮೇಲೆ ಅಂಗಡಿಯ ದಾರಿ ಬಿಟ್ಟು ಎಡಕ್ಕೆ ತಿರುಗಿ, ತಿಳಿನೀಲಿ ಬಾಗಿಲಿನ ಒಂದು ಮನೆಯ ಮುಂದೆ ಬರುತ್ತೇವೆ. ಬಾಗಿಲು ಮುಚ್ಚಿದೆ. ಸೈಕಲ್ಲು ನಡೆಯುವವರಿಗಿಂತ ನಿಧಾನವಾಗಿ ಚಲಿಸುತ್ತದೆ. ನಾವು ದಾಟುವಷ್ಟರಲ್ಲಿ ಬಾಗಿಲು ಒಂದು ಗೇಣು ತೆರೆಯುತ್ತದೆ, ಯಾರೂ ಕಾಣುವುದಿಲ್ಲ. ನನ್ನ ಬೆನ್ನ ಹಿಂದೆ ಫಿದೆಲಿಯಾ ಉಸಿರು ಬಿಟ್ಟದ್ದು ಕೇಳಿಸುತ್ತದೆ. ಇದು ಯಾರ ಮನೆ ಎಂದರೆ ಅಂಗಡಿಗೆ ಹೊತ್ತಾಯಿತು ಎನ್ನುತ್ತಾರೆ.

ಅಂಗಡಿ ಎಂದರೆ ಮಾರುಕಟ್ಟೆಯ ಹಿಂದಿನ ಬೀದಿಯ ಮಕ್ಕಳ ಸಾಮಾನಿನ ಅಂಗಡಿ. ಇಪ್ಪತ್ತಮೂರು ವರ್ಷದಿಂದ ಅದರ ಉಡುಗೊರೆ ಮೇಜುಗಳನ್ನು ನೋಡಿಕೊಳ್ಳುವವರು ಇವರೇ. ಏಳು ತಿಂಗಳು ತುಂಬಿದ ಬಸುರಿ ಬಂದು ತನಗೆ ಬೇಕಾದ್ದನ್ನೆಲ್ಲ ಆರಿಸುತ್ತಾಳೆ. ಫಿದೆಲಿಯಾ ಅವನ್ನು ಒಂದು ಮೇಜಿನ ಮೇಲೆ ಜೋಡಿಸಿ, ಅವಳ ಹೆಸರಿನ ಚೀಟಿ ನಿಲ್ಲಿಸುತ್ತಾರೆ. ನೆಂಟರು ಬಂದು ಒಂದೊಂದನ್ನು ಕೊಂಡು, ತಮ್ಮ ಹೆಸರಿನ ರಿಬ್ಬನ್ನು ಕಟ್ಟಿಸಿ ಅಲ್ಲೇ ಬಿಟ್ಟು ಹೋಗುತ್ತಾರೆ. ಬಸುರಿಗೆಂದು ಸೀಮಂತದ ಹಾಗೆ ನಡೆಯುವ ಕೂಟದ ಭಾನುವಾರ ಎಲ್ಲವೂ ಇದೇ ಸೈಕಲ್ಲಿನಲ್ಲಿ ಮನೆ ಸೇರುತ್ತದೆ. ಮೇಜು ಹಾಕದೆ ಕೂಟ ಕರೆದವರ ಪಾಡು ಊರಿಗೆಲ್ಲ ಗೊತ್ತು. ನನ್ನ ತಂಗಿಗೆ ಈ ಸುಡುಬಿಸಿಲಿನ ಊರಿನಲ್ಲಿ ಹತ್ತೊಂಬತ್ತು ಉಣ್ಣೆ ಕಂಬಳಿ ಬಂದವು, ಒಂದು ಜೋಲಿಯೂ ಬರಲಿಲ್ಲ.

ಬಾಗಿಲು ತೆಗೆದ ಫಿದೆಲಿಯಾ ಮೊದಲು ಮಾಡುವ ಕೆಲಸ ಗುಡಿಸುವುದಲ್ಲ. ಹೆಗಲಿನ ಚೀಲದಿಂದ ಆರು ಹೆಸರಿನ ಚೀಟಿಗಳನ್ನು ತೆಗೆದು, ಆರು ಮೇಜಿನ ಮೇಲೆ ನಿಲ್ಲಿಸುತ್ತಾರೆ. ಸಂಜೆ ಬೀಗ ಹಾಕುವಾಗ ಅವನ್ನು ಮತ್ತೆ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಬೆಳಗ್ಗೆ ಆ ಆರು ಬಸುರಿಯರ ಮನೆ ನೋಡಿಕೊಂಡು ಬಂದ ಮೇಲೆಯೇ ಚೀಟಿ ಹೊರಗೆ. ಇದನ್ನು ಯಾರೂ ಹೇಳಿಕೊಟ್ಟಿಲ್ಲ, ಸಂಬಳದಲ್ಲೂ ಸೇರಿಲ್ಲ. ಅಂಗಡಿಯ ಯಜಮಾನರಿಗೆ ಇದು ಗೊತ್ತೇ ಇಲ್ಲ ಎಂದು ನನ್ನ ಅನುಮಾನ. ಕೊನೆಗೆ ಅವರು ಬೀದಿಗೆ ಮುಖ ಮಾಡಿದ ಕಿಟಕಿಯ ಬಳಿಯ ಏಳನೆಯ ಮೇಜನ್ನು ಒರೆಸುತ್ತಾರೆ. ಅದರ ಮೇಲೆ ಏನೂ ಇಲ್ಲ.

ಅವರಿಗೆ ಈಗ ಐವತ್ತೆಂಟು. ಮೊದಲು ಚಪ್ಪಲಿಯ ಕಾರ್ಖಾನೆಯಲ್ಲಿ ಅಟ್ಟೆ ಅಂಟಿಸುತ್ತಿದ್ದರು. ಅಂಟಿನ ವಾಸನೆಗೆ ತಲೆ ಸಿಡಿದು ಬಿಟ್ಟು ಬಂದರು. ಈಗ ಮಂಡಿ ನೋವು, ಆದರೂ ದಿನಕ್ಕೆ ಹತ್ತು ಗಂಟೆ ನಿಂತೇ ಇರುತ್ತಾರೆ. ವರ್ಷಕ್ಕೆ ಎಪ್ಪತ್ತು ಮೇಜು ದಾಟುತ್ತದೆ. ಇಷ್ಟನ್ನೂ ಅವರು ಸಲೀಸಾಗಿ ಹೇಳಿದರು. ಇನ್ನೊಂದು ಲೆಕ್ಕ ಹೇಳುವಾಗ ಮಾತ್ರ ರಿಬ್ಬನ್ನಿನ ಉಂಡೆಯನ್ನು ಕೈಗೆತ್ತಿಕೊಂಡು ಸುತ್ತತೊಡಗಿದರು. ಇಷ್ಟು ವರ್ಷದಲ್ಲಿ ಹನ್ನೊಂದು ಮೇಜುಗಳ ಮಗು ಬದುಕಿ ಮನೆಗೆ ಬರಲಿಲ್ಲ.

“ಆವಾಗ ಸಾಮಾನನ್ನೆಲ್ಲ ನಾನೇ ವಾಪಸ್ ಕೊಟ್ಟು ಬರ್ತೀನಿ. ಬೆಳಿಗ್ಗೆ ಯಾರೂ ಏಳೋಕ್ಮುಂಚೆ, ಮೇಲೊಂದು ದುಪ್ಪಟಿ ಮುಚ್ಕೊಂಡು. ರಿಬ್ಬನ್ ಮೇಲೆ ಹೆಸರಿರುತ್ತಲ್ಲ, ಆ ಮನೆ ಬಾಗಿಲಿಗೆ ಹೋಗಿ ಕೊಡೋದು. ಅವರೂ ಏನೂ ಕೇಳಲ್ಲ. ತಾಯಿ ಮಾತ್ರ ಒಂದು ಸಾಮಾನೂ ಕೈಯಲ್ಲಿ ಹಿಡ್ಕೋಬಾರ್ದು. ಅಷ್ಟೇ ನನ್ ಕೆಲಸ.”

ಹನ್ನೊಂದನೆಯವಳು ಲಾಂಡಿ ಚಬ್ಲೆ. ಗಂಡ ಚರ್ಮ ಕತ್ತರಿಸುತ್ತಾನೆ, ಅವಳು ಮನೆಯಲ್ಲೇ ಚಪ್ಪಲಿಗೆ ಪಟ್ಟಿ ಹೊಲಿಯುತ್ತಾಳೆ. ಎರಡು ವರ್ಷದ ಹಿಂದೆ ಅವಳ ಮೇಜು ಇದೇ ಕಿಟಕಿಯ ಬಳಿ ಇತ್ತು. ಆಗೆಲ್ಲ ಚೀಟಿಗಳು ಹಗಲು ರಾತ್ರಿ ಮೇಜಿನ ಮೇಲೇ ಇರುತ್ತಿದ್ದವು. ಎಂಟನೆಯ ತಿಂಗಳಲ್ಲಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದ ದಿನ ಫಿದೆಲಿಯಾ ತಂಗಿಯ ಊರಿಗೆ ಹೋಗಿದ್ದರು. ಮರುದಿನ ಲಾಂಡಿ ಬರಿಗೈಯಲ್ಲಿ ಮನೆಗೆ ಮರಳುವಾಗ ರಿಕ್ಷಾದವನು ಅರಿಯದೆ ಈ ಬೀದಿಗೇ ತಿರುಗಿಸಿದ. ಕಿಟಕಿಯಲ್ಲಿ ಜೋಲಿ, ಸೊಳ್ಳೆಪರದೆ, ಪುಟ್ಟ ಟೋಪಿಗಳ ನಡುವೆ ಲಾಂಡಿ ತನ್ನ ಹೆಸರನ್ನು ಓದಿದಳು. ಬಿಡಿಸಿ ಬರೆದ ದೊಡ್ಡ ಅಕ್ಷರ, ಪಕ್ಕದಲ್ಲಿ ಹೂವು. ಹೂವನ್ನು ಬಿಡಿಸಿದ್ದೂ ಫಿದೆಲಿಯಾ.

ಆ ನೀಲಿ ಬಾಗಿಲು ಅವಳದು. ಲಾಂಡಿ ಈಗ ಮತ್ತೆ ಬಸುರಿ, ಎಂಟು ತಿಂಗಳಿಗೆ ಬಿದ್ದಿದೆ. ಭಾನುವಾರ ಕೂಟ, ನಲವತ್ತು ಹೆಂಗಸರು ಬರುವವರು. ನಾನು ಸೈಕಲ್ಲಿನಲ್ಲಿ ಕೂತದ್ದು ಬುಧವಾರ. ಆ ಹೊತ್ತಿಗೂ ಮೇಜು ಎಲ್ಲಿ ಎಂದು ಯಾರಿಗೂ ಗೊತ್ತಿಲ್ಲ. ಹಳ್ಳಿಯ ಅತ್ತೆಯರು, ಚಿಕ್ಕಮ್ಮಂದಿರು ಅಂಗಡಿಗೆ ಬಂದು ಲಾಂಡಿಯ ಮೇಜು ಯಾವುದಮ್ಮ ಎಂದು ಕೇಳಿ ಹೋಗುತ್ತಿದ್ದಾರೆ. ಇಲ್ಲ ಎನ್ನಲು ಫಿದೆಲಿಯಾಗೆ ಬಾಯಿ ಬರುವುದಿಲ್ಲ. ಇನ್ನೂ ತೀರ್ಮಾನ ಆಗಿಲ್ಲ ಎನ್ನುತ್ತಾರೆ. ಅವಳು ಇಲ್ಲಿಗೆ ಬರಲಿ ಎಂದು ನಿಮಗೆ ಆಸೆಯೇ ಎಂದು ಕೇಳಿದೆ. ಬಂದರೂ ಭಯ, ಬರದಿದ್ದರೂ ಭಯ ಎಂದರು.

ಅದೇ ದಿನ ಹನ್ನೊಂದು ಗಂಟೆಗೆ ಲಾಂಡಿಯ ಗಂಡನ ತಾಯಿ ಮಿರ್ನಾ ಬಂದರು. ಕೆಟ್ಟ ಹೆಂಗಸಲ್ಲ, ಹೆದರಿದ ಹೆಂಗಸು. ಹೆದರಿದಾಗ ದನಿ ದೊಡ್ಡದಾಗುತ್ತದೆ. ಮೇರಿದಾ ನಗರದ ದೊಡ್ಡ ಮಳಿಗೆಯಲ್ಲಿ ಮೇಜು ಹಾಕಿಸುವುದೆಂದು ಅವರು ನಿರ್ಧರಿಸಿಯಾಗಿತ್ತು. ಅಲ್ಲಿ ತಣ್ಣಗಿನ ಗಾಳಿ, ಓಡುವ ಮೆಟ್ಟಿಲು, ಪಟ್ಟಿಯೆಲ್ಲ ಫೋನಿನೊಳಗೆ. ಹಳ್ಳಿಯ ಅತ್ತೆಯರಿಗೆ ಫೋನು ಬರದಲ್ಲ ಎಂದು ನಾನು ಮೂಗು ತೂರಿಸಿದೆ. ಅವರು ನನ್ನ ಕಡೆ ತಿರುಗಲೂ ಇಲ್ಲ.

“ನಿನ್ ಮೇಲೆ ಸಿಟ್ಟಿಲ್ಲ ಕಣೆ ಫಿದೆಲಿಯಾ. ಆದ್ರೆ ಊರ್ ಕಣ್ಣೆಲ್ಲ ಆ ಕಿಟಕಿ ಮೇಲೆ. ಮೇರಿದಾದಲ್ಲಿ ಅವಳು ಯಾರು ಅಂತ ಒಬ್ಬರಿಗೂ ಗೊತ್ತಿಲ್ಲ. ಅದೇ ಒಳ್ಳೇದು.”

ಫಿದೆಲಿಯಾ ಹೌದು ಎಂದರು. ಮಿರ್ನಾ ಹೋದ ಮೇಲೆ ಅದೇ ಮೇಜನ್ನು ಮತ್ತೊಮ್ಮೆ ಒರೆಸಿದರು. ಅಲ್ಲಿ ಪ್ಲಾಸ್ಟಿಕ್ ಕಾರುಗಳನ್ನು ಇಡಿ ಎಂದು ಯಜಮಾನರು ತಿಂಗಳಿಂದ ಹೇಳುತ್ತಿದ್ದಾರಂತೆ. ನಾಳೆ ಇಡುತ್ತೇನೆ ಎಂದು ದಿನವೂ ಇವರ ಉತ್ತರ.

ಗುರುವಾರ ನಾನು ಮತ್ತೆ ಸೈಕಲ್ಲು ಹತ್ತಿದೆ. ಆರು ಮನೆಗಳೂ ನೆಟ್ಟಗಿದ್ದವು. ನೀಲಿ ಬಾಗಿಲು ತೆರೆಯಲಿಲ್ಲ. ಫಿದೆಲಿಯಾ ಮೂಲೆಯವರೆಗೆ ಹೋಗಿ, ತಿರುಗಿಸಿ, ಮತ್ತೆ ಬಂದರು. ಚಕ್ರ ಕೀರ್ ಎಂದಿತು. ಬಾಗಿಲು ಹಾಗೇ ಇತ್ತು. ಮೂರನೆಯ ಸಲವೂ ಅಷ್ಟೇ. ಇಳಿದು ತಟ್ಟೋಣ ಎಂದೆ. ಬೇಡ ಎಂದು ತಲೆಯಾಡಿಸಿದರು. ಹ್ಯಾಂಡಲನ್ನು ಅಂಗಡಿಯ ಕಡೆ ತಿರುಗಿಸಿದರು.

ಆ ದಿನ ನಾನೂ ಅಂಗಡಿಯಲ್ಲೇ ಕೂತೆ. ಫಿದೆಲಿಯಾ ಗಿರಾಕಿಗಳೊಂದಿಗೆ ನಗುತ್ತಲೇ ಮಾತಾಡಿದರು, ರಿಬ್ಬನ್ನು ಕಟ್ಟಿದರು. ಆದರೆ ತಂದ ಊಟದ ಗಂಟು ಬಿಚ್ಚಲಿಲ್ಲ. ಒಂದು ಗಂಟೆಯ ಹೊತ್ತಿಗೆ ಕಪಾಟಿನಿಂದ ಬಿಳಿ ದುಪ್ಪಟಿಯನ್ನು ತೆಗೆದು ನೋಡಿದರು. ನಾನು ನೋಡುತ್ತಿದ್ದೇನೆಂದು ತಿಳಿದು ಒಳಗಿಟ್ಟರು. ಅದನ್ನು ಕಂಡು ನನಗೆ ನಿಜವಾಗಿ ಹೆದರಿಕೆಯಾಯಿತು. ಮೇಜೇ ಇಲ್ಲದಿರುವಾಗ ವಾಪಸು ಒಯ್ಯಲು ಏನಿದೆ ಎಂದು ಯೋಚಿಸುವಷ್ಟು ಬುದ್ಧಿ ನಮ್ಮಿಬ್ಬರಿಗೂ ಉಳಿದಿರಲಿಲ್ಲ.

ನಾಲ್ಕೂವರೆಗೆ ಅಂಗಡಿಯ ಮುಂದೆ ರಿಕ್ಷಾ ನಿಂತಿತು. ಬೆವರಿ, ಕಾಲು ಬಾತುಕೊಂಡ ಲಾಂಡಿ ಹೊಟ್ಟೆಯ ಕೆಳಗೆ ಕೈಕೊಟ್ಟು ಇಳಿದಳು. ಹಿಂದೆ ಮಿರ್ನಾ, ಸೋತ ಮುಖ. ಫಿದೆಲಿಯಾ ಸ್ಟೂಲು ಎಳೆದು ಕೂರಿಸಿ, ನೀರು ಕೊಟ್ಟರು.

ನಡೆದದ್ದನ್ನು ಮಿರ್ನಾ ಹೇಳಿದರು. ಸೊಸೆಯನ್ನು ಎಬ್ಬಿಸಿಕೊಂಡು ಅವರು ಬೆಳಗಿನ ಮೊದಲ ಬಸ್ಸಿಗೇ ಹೊರಟಿದ್ದರು. ಮಳಿಗೆಯಲ್ಲಿ ಒಳ್ಳೆಯ ಹುಡುಗಿಯೊಬ್ಬಳು ಕೂರಿಸಿ, ಹೆಸರು, ದಿನಾಂಕ ಎಲ್ಲ ಬರೆದುಕೊಂಡಳು. ಮುಗಿಯುವ ಹೊತ್ತಿಗೆ ಲಾಂಡಿ ಅವಳನ್ನು ಒಂದೇ ಮಾತು ಕೇಳಿದಳು: ಏನಾದರೂ ಆದರೆ ಈ ಹೆಸರನ್ನು ಯಾರು ತೆಗೆಯುತ್ತಾರೆ? ಸುಲಭ, ನೀವೇ ಫೋನಿನಲ್ಲಿ ತೆಗೆಯಬಹುದು, ಒಂದು ಸಲ ಒತ್ತಿದರೆ ಸಾಕು ಎಂದು ಹುಡುಗಿ ನಕ್ಕು ಹೇಳಿದಳು. ಲಾಂಡಿ ಎದ್ದು ಬಂದುಬಿಟ್ಟಳು.

ಫಿದೆಲಿಯಾ ಕೊನೆಗೂ ಬಾಯಿ ಬಿಟ್ಟರು. “ಆ ಚೀಟಿ ಅಲ್ಲಿ ಉಳಿದಿದ್ದು ನನ್ ತಪ್ಪು ಮಗಳೇ. ನಿನ್ ಮುಂದೆ ಬಂದು ಹೇಳೋ ಧೈರ್ಯ ಇವತ್ತಿನವರೆಗೂ ಬರಲಿಲ್ಲ.”

“ದಿನಾ ಹೇಳ್ತಾನೇ ಇದ್ರಲ್ಲ,” ಅಂದಳು ಲಾಂಡಿ. “ಐದೂವರೆಗೆ ನಿಮ್ ಚಕ್ರ ಕೀರ್ ಅನ್ನುತ್ತೆ. ನಾನು ಜೋಲಿಯಲ್ಲೇ ಹೊಟ್ಟೆ ಮೇಲೆ ಕೈ ಇಟ್ಕೊಂಡು ಕಾಯ್ತೀನಿ. ಒಳಗೆ ಒದ್ದ ಮೇಲೆ ಎದ್ದು ಬಾಗಿಲು ತೆಗೀತೀನಿ, ನಿಮಗೆ ಕಾಣ್ಲಿ ಅಂತ. ಇವತ್ತು ಹೇಳದೆ ಹೋದೆ. ಬಸ್ಸಲ್ಲಿ ಪೂರ್ತಿ ಅದೇ ಯೋಚನೆ, ಪಾಪ ಎಷ್ಟು ಸಲ ಸುತ್ತು ಹಾಕಿದ್ರೋ ಅಂತ.”

ಮೂರು ಸಲ ಎಂದು ನಾನು ಹೇಳಿದೆ. ಮಿರ್ನಾ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡರು. ಲಾಂಡಿ ತನ್ನ ಮೇಜು ಕಿಟಕಿಯ ಬಳಿ ಬೇಡ, ಒಳಗಿನ ಗೋಡೆಗೆ ಇರಲಿ ಎಂದಳು. ಚೀಟಿಯ ಮೇಲೆ ಹೂವೂ ಬೇಡ. ಮೊದಲ ಸಾಮಾನು ಜೋಲಿ, ಬಣ್ಣ ಯಾವುದಾದರೂ ಸರಿ.

ಇದನ್ನು ಬರೆಯುವ ಹೊತ್ತಿಗೆ ಶುಕ್ರವಾರದ ಬೆಳಗು ಕಳೆದಿದೆ. ನೀಲಿ ಬಾಗಿಲು ಗೇಣಿಗಿಂತ ಹೆಚ್ಚೇ ತೆರೆದಿತ್ತು. ಫಿದೆಲಿಯಾ ಅಂಗಡಿಗೆ ಬಂದು ಚೀಲದಿಂದ ಏಳು ಚೀಟಿ ತೆಗೆದು ನಿಲ್ಲಿಸಿದರು. ಏಳನೆಯದನ್ನು ನಿಲ್ಲಿಸುವಾಗ ಕೈ ಸ್ವಲ್ಪ ಹೊತ್ತು ಅದರ ಮೇಲೇ ಇತ್ತು. ಹೆದರಿಕೆ ಹೋಯಿತೇ ಎಂದು ಕೇಳಿದೆ. ಎಲ್ಲಿ ಹೋಗುತ್ತದೆ, ಇನ್ನೂ ಆರು ವಾರ ಇದೆ ಎಂದರು. ಪತ್ರಿಕೆಯಲ್ಲಿ ಹಾಕಲು ನಿಮ್ಮದೊಂದು ಆಸೆ ಹೇಳಿ ಎಂದೆ. ಮಂಡಿಗೆ ಔಷಧಿಯನ್ನೋ ಸಂಬಳ ಹೆಚ್ಚುವುದನ್ನೋ ಕೇಳುತ್ತಾರೆ ಎಂದುಕೊಂಡಿದ್ದೆ. ಅವರು ಹೊರಗೆ ನಿಂತಿದ್ದ ಸೈಕಲ್ಲಿನ ಕಡೆ ನೋಡಿದರು.

“ಪಾಪ ಅಂದ್ಕೊಂಡು ಯಾರೂ ಆ ಚಕ್ರಕ್ಕೆ ಎಣ್ಣೆ ಬಿಡದಿದ್ರೆ ಸಾಕು.”