ಒಂಬೈನೂರ ಅರವತ್ತು ಸುತ್ತು

ಹೋದ ವಾರ ನಮ್ಮ ಮನೆಯ ಮುಂಬಾಗಿಲಿಗೆ ವಾರ್ನಿಶ್ ಹೊಡೆಸಿದೆವು. ರಾಯಚೂರಿನ ಬಿಸಿಲಿಗೆ ಮನುಷ್ಯರಷ್ಟೇ ಅಲ್ಲ, ಬಾಗಿಲುಗಳೂ ಸಿಪ್ಪೆ ಬಿಡುತ್ತವೆ. ವಾಸನೆ ಮನೆಯೆಲ್ಲ ತುಂಬಿದ್ದೇ ಹೆಂಡತಿ ಮೂಗಿಗೆ ಸೆರಗು ಹಿಡಿದು ಹಿತ್ತಲಿಗೆ ಹೋದಳು. ನಾನು ಮಾತ್ರ ಕುರ್ಚಿಯನ್ನು ಬಾಗಿಲ ಹತ್ತಿರಕ್ಕೇ ಎಳೆದುಕೊಂಡು ಕೂತೆ. ಆ ವಾಸನೆ ಬಂದರೆ ನನಗೆ ದೇವದುರ್ಗದ ಒಂದು ಅಂಗಡಿ ನೆನಪಾಗುತ್ತದೆ. ಅಂಗಡಿ ನೆನಪಾದರೆ ಅಲ್ಲಿ ನಿಂತು ನಾನು ಆಡಿದ ಒಂದು ಮಾತೂ ನೆನಪಾಗುತ್ತದೆ. ಮಾತನ್ನು ಬಿಟ್ಟು ಅಂಗಡಿಯದಷ್ಟೇ ಹೇಳೋಣವೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಹಾಗೆ ಹೇಳಲು ಬರುವುದಿಲ್ಲ.

ನಾನು ಮಾನ್ವಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುವವನು. ರಾಯಚೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಏಳೆಂಟು ವರ್ಷದ ಹಿಂದೆ ಸಹೋದ್ಯೋಗಿಯೊಬ್ಬರು ನಿವೃತ್ತರಾಗಿ ಊರು ಬಿಡುವಾಗ ತಮ್ಮ ಎರಡು ದೊಡ್ಡ ಸ್ಪೀಕರ್ ಪೆಟ್ಟಿಗೆಗಳನ್ನು ನನಗೆ ಕೊಟ್ಟು ಹೋದರು. ಸ್ಪೀಕರ್ ಬಂತು, ಆದರೆ ಅದನ್ನು ಮಾತಾಡಿಸುವ ಆಂಪ್ಲಿಫೈಯರ್ ಇರಲಿಲ್ಲ. ಫೋನಿನಿಂದ ಬರುವ ಸಣ್ಣ ದನಿಯನ್ನು ಸ್ಪೀಕರ್ ಅಲುಗುವಷ್ಟು ದೊಡ್ಡದು ಮಾಡಬೇಕಲ್ಲ, ಆ ಯಂತ್ರ. ಅದನ್ನು ನಾನೇ ಮನೆಯಲ್ಲಿ ಮಾಡುತ್ತೇನೆಂದು ಹೊರಟೆ.

“ಅಂಗಡ್ಯಾಗ ಸಿಗಂಗಿಲ್ಲೇನ್ರೀ?” ಎಂದಳು ಹೆಂಡತಿ.

“ಸಿಗ್ತದ. ಆದ್ರ ಇಪ್ಪತ್ತು ವರ್ಷ ಆತು ಹುಡುಗ್ರಿಗೆ ಇದನ್ನ ಹೇಳಿಕೊಡಾಕತ್ತು. ಒಮ್ಮೆರ ಕೈಲೆ ಮಾಡಬ್ಯಾಡೇನು?”

“ಅಂದ್ರ ಇಷ್ಟು ವರ್ಷ ಬರೇ ಬಾಯಿಲೆ ಹೇಳೀರಿ ಅಂದಂಗಾತು.”

ಇಂಥ ಮಾತು ಬಂದರೆ ಗಂಡಸರು ಕೆಲಸ ಹಚ್ಚಿಕೊಳ್ಳುತ್ತಾರೆ. ಊಟದ ಮೇಜಿನ ಅರ್ಧ ಭಾಗ ನನ್ನ ವಶವಾಯಿತು. ಐಸಿ ಚಿಪ್, ಕೆಪಾಸಿಟರು, ತಂತಿ, ಬೆಸುಗೆಯ ಕಡ್ಡಿ ಎಲ್ಲ ಒಂದೊಂದಾಗಿ ಅಂಚೆಯಲ್ಲಿ ಬಂದವು. ಬಾರದೆ ಉಳಿದದ್ದು ಟ್ರಾನ್ಸ್‌ಫಾರ್ಮರ್. ಗೋಡೆಯ ಕರೆಂಟನ್ನು ಆಂಪ್ಲಿಫೈಯರಿಗೆ ತಾಳುವಷ್ಟು ಇಳಿಸಿಕೊಡುವ ಕಬ್ಬಿಣ-ತಾಮ್ರದ ಗಟ್ಟಿ ಅದು. ನನಗೆ ಬೇಕಾದ ಅಳತೆಯದು ರಾಯಚೂರಿನಲ್ಲಿ ಸಿಗಲಿಲ್ಲ. ನಮ್ಮ ಪ್ರಯೋಗಶಾಲೆಯ ಅಟೆಂಡರ್ ಮಲ್ಲಯ್ಯ ದೇವದುರ್ಗದವನು. ಅವನೇ ದಾರಿ ತೋರಿಸಿದ. “ನಮ್ಮೂರಾಗ ನೀಲಮ್ಮ ಅಂತ ಅದಾಳ್ರಿ ಸರ, ಮೋಟ್ರ ಸುತ್ತಾಕಿ. ಆಕಿ ಕೈಲೆ ಸುತ್ತಿದ್ದು ಸುಡಂಗಿಲ್ರಿ.”

ಮೋಟರು ಸುತ್ತುವುದೆಂದರೆ, ಹೊಲದ ಪಂಪಿನ ಮೋಟರು ಸುಟ್ಟಾಗ ಒಳಗಿನ ಕರಕಲು ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿ ಕೂಡಿಸುವುದು. ಕಾಲುವೆ ಇದ್ದ ಕಡೆ, ಬೋರು ಇದ್ದ ಕಡೆ ಈ ಕೆಲಸಕ್ಕೆ ಬಿಡುವಿರುವುದಿಲ್ಲ. ಒಂದು ಶನಿವಾರ ಕಲ್ಮಲ ದಾಟಿ ದೇವದುರ್ಗದ ಬಸ್ಸಿನಲ್ಲಿ ಹೋದೆ. ಅಂಗಡಿಯೆಂದರೆ ತಗಡಿನ ಮಾಡು, ಹೊರಗೆ ಒಂದು ಬೆಂಚು, ವಾರ್ನಿಶಿನಲ್ಲಿ ಅದ್ದಿ ಬಿಸಿಲಿಗೆ ಇಟ್ಟ ನಾಲ್ಕಾರು ಮೋಟರು. ನೀಲಮ್ಮನವರಿಗೆ ನಲವತ್ತೈದರ ಆಸುಪಾಸು. ಗಂಡ ಶರಣಪ್ಪ ಹೊಲಗಳಿಗೆ ಹೋಗಿ ಮೋಟರು ಬಿಚ್ಚಿ ತರುವವರು, ಜೋಡಿಸಿ ಕೊಡುವವರು. ಸುತ್ತುವುದು ಮಾತ್ರ ಆಕೆಯದು. “ನನಗ ತಾಳ್ಮಿ ಇಲ್ರಿ. ನೂರು ಎಣಿಸೂದ್ರಾಗ ನಾಕು ಸಲ ಹಾದಿ ನೋಡ್ತೀನಿ” ಎಂದರು ಶರಣಪ್ಪ, ನಾಚಿಕೆಯಿಲ್ಲದೆ.

ನಾನು ಲೆಕ್ಕ ಬರೆದ ಚೀಟಿ ಕೊಟ್ಟೆ. ಮೊದಲ ಸುರುಳಿಗೆ ಒಂಬೈನೂರ ಅರವತ್ತು ಸುತ್ತು, ಎರಡನೆಯದಕ್ಕೆ ಎರಡು ಭಾಗವಾಗಿ ಎಂಬತ್ತೆಂಬತ್ತು. ಆಕೆ ಚೀಟಿ ನೋಡಿದರು, ನನ್ನನ್ನು ನೋಡಿದರು.

“ಇದು ತಿರಗಂಗಿಲ್ಲೇನ್ರಿ?”

“ಇಲ್ಲವ್ವ. ಸುಮ್ನ ಕೂತಿರ್ತದ.”

“ತಿರಗಲಾರದ್ದಕ್ಕ ಇಷ್ಟು ಸುತ್ತು ಯಾಕ್ರಿ?”

ಹುಡುಗರು ಒಮ್ಮೆಯೂ ಕೇಳದ ಪ್ರಶ್ನೆ. ನನಗೆ ಹುರುಪು ಬಂತು. ಬೆಂಚಿನ ಮೇಲೆ ಕೂತು ಕಾಲು ತಾಸು ವಿದ್ಯುತ್ಕಾಂತ ಪ್ರೇರಣೆಯ ಪಾಠ ಮಾಡಿದೆ. ಪೂರಾ ಕೇಳಿ, “ಆತು ಬಿಡ್ರಿ, ನೀವು ಬರದಷ್ಟು ಸುತ್ತತೀನಿ” ಎಂದರು. ಸುತ್ತುವ ಯಂತ್ರದ ಎಣಿಕೆಯ ಮುಳ್ಳು ಯಾವಾಗಲೋ ಮುರಿದಿತ್ತು. ಆಕೆ ಒಂದು ಕೈಯಿಂದ ಹಿಡಿಕೆ ತಿರುವುತ್ತ, ಇನ್ನೊಂದರಿಂದ ತಂತಿ ನಡೆಸುತ್ತ, ನೂರಾದಾಗೊಮ್ಮೆ ಒಂದು ಹುಣಸೆ ಬೀಜ ತಾಟಿಗೆ ಹಾಕುತ್ತಿದ್ದರು. ನಡುವೆ ಯಾರು ಏನು ಕೇಳಿದರೂ ಉತ್ತರವಿಲ್ಲ. ಬೀಜ ಬಿದ್ದ ಮೇಲೆಯೇ ಮಾತು. ತಾಮ್ರದ ಎಳೆಗಳು ಒಂದರ ಪಕ್ಕ ಒಂದು ಮಲಗುತ್ತ ಹೋಗುವುದನ್ನು ನೋಡುತ್ತ ನಾನು ಬಸ್ಸು ತಪ್ಪಿಸಿಕೊಂಡೆ.

ಹದಿನೈದು ದಿನಕ್ಕೆ ಆಂಪ್ಲಿಫೈಯರ್ ಸಿದ್ಧವಾಯಿತು. ಒಂದು ಭಾನುವಾರ ಮಧ್ಯಾಹ್ನ ಹೆಂಡತಿಯನ್ನು ಕೂರಿಸಿಕೊಂಡು ಸ್ವಿಚ್ ಹಾಕಿದೆ. ಹಾಡು ಹಚ್ಚುವ ಮೊದಲೇ ಸ್ಪೀಕರಿನಿಂದ ಗುಂಯ್ ಎಂಬ ಸದ್ದು ಬಂತು. ಹಾಡು ಹಚ್ಚಿದರೂ ಅದು ಹಾಡಿನ ಅಡಿಯಲ್ಲಿ ಇದ್ದೇ ಇತ್ತು. ನಾನು ಹಣೆ ಒರೆಸಿಕೊಂಡೆ.

“ಛಲೋನೇ ಆತಲ್ರಿ” ಎಂದಳು ಹೆಂಡತಿ. “ಇನ್ನ ತಂಬೂರಿ ಬ್ಯಾಡ. ಶ್ರುತಿ ಇದೇ ಕೊಡ್ತದ.”

ಒಂದು ವಾರ ಹುಡುಕಿದೆ. ಟ್ರಾನ್ಸ್‌ಫಾರ್ಮರ್ ಸರಿ ಇಲ್ಲದಿದ್ದರೂ ಇಂಥ ಸದ್ದು ಬರಬಹುದೆಂದು ಎಲ್ಲೋ ಓದಿದ್ದೆ. ನನಗೆ ಅಷ್ಟು ಸಾಕಾಯಿತು. ಯಾಕೆ ಸಾಕಾಯಿತೆಂದು ಈಗ ಯೋಚಿಸುತ್ತೇನೆ. ಉಳಿದ ಬಿಡಿಭಾಗಗಳೆಲ್ಲ ಕಂಪನಿಯಿಂದ ಬಂದವು, ಒಂದೊಂದಕ್ಕೂ ಅಚ್ಚು ಹಾಕಿದ ಕಾಗದವಿತ್ತು. ಇದೊಂದು ಮಾತ್ರ ಒಬ್ಬರ ಕೈಯಿಂದ ಬಂದಿತ್ತು, ಅದೂ ಪಂಪು ಸುತ್ತುವ ಕೈಯಿಂದ. ಅನುಮಾನ ಮೊದಲು ಹೋಗುವುದು ಅಂಥ ಕೈಯ ಮೇಲೆಯೇ. ನನ್ನದೂ ಕೈಯೇ ಅಲ್ಲವೇ, ಬೆಸುಗೆ ಹಾಕಿದ್ದು ಅದೇ ಅಲ್ಲವೇ ಎಂದು ಹೊಳೆಯಲಿಲ್ಲ.

ಮುಂದಿನ ಶನಿವಾರ ಅದನ್ನು ಚೀಲದಲ್ಲಿ ಹಾಕಿಕೊಂಡು ಮತ್ತೆ ದೇವದುರ್ಗ. ಸಂತೆಯ ದಿನ, ಬೆಂಚಿನ ತುಂಬ ರೈತರು. ಯಂಕಪ್ಪ ಎಂಬೊಬ್ಬರು ಸುಟ್ಟ ಮೋಟರನ್ನು ಆಗ ತಾನೇ ಇಳಿಸಿ ಇಟ್ಟಿದ್ದರು. ಬಸ್ಸಿನಲ್ಲಿ ನಿಂತೇ ಬಂದಿದ್ದೆ, ಬಿಸಿಲು ತಲೆಗೇರಿತ್ತು. ಟ್ರಾನ್ಸ್‌ಫಾರ್ಮರನ್ನು ನೀಲಮ್ಮನವರ ಮುಂದೆ ಕುಕ್ಕಿ ಅಂದೆ:

“ಏನವ್ವ, ಪಂಪ್ ಸುತ್ತಿದಂಗ ಸುತ್ತಿದ್ರ ಆಗ್ತದೇನು? ಎಣಿಕಿ ತಪ್ಪಿ ಸುತ್ತಿದಿ. ಬರೇ ಗುಂಯ್ ಅಂತದ.”

ಬೆಂಚಿನವರೆಲ್ಲ ಇತ್ತ ತಿರುಗಿದರು. ನೀಲಮ್ಮ ಅದನ್ನು ಎತ್ತಿಕೊಂಡು ತಿರುಗಿಸಿ ನೋಡಿದರು. “ಎಣಿಕಿ ತಪ್ಪಿಲ್ರಿ” ಎಂದರು ಮೆಲ್ಲಗೆ. “ಹಂಗಾರ ಸದ್ದು ಯಾಕ ಬರ್ತದ, ನೀನ ಹೇಳು” ಎಂದೆ. ಹೇಳುವುದು ಆಕೆಗೆ ಸಾಧ್ಯವಿರಲಿಲ್ಲ. ಗೊತ್ತಿದ್ದೇ ಕೇಳಿದೆನೇನೋ.

ಯಂಕಪ್ಪ ಎದ್ದರು. “ಶರಣಪ್ಪ, ನಮ್ದು ಇವತ್ತು ಬ್ಯಾಡ ಬಿಡು, ಆಮ್ಯಾಲೆ ನೋಡೂಣು. ಓದಿದವ್ರೇ ಹಿಂಗಂತಾರ” ಎಂದು ಮೋಟರನ್ನು ಮತ್ತೆ ಗಾಡಿಗೆ ಏರಿಸಿಕೊಂಡು ಹೊರಟರು. ಅದನ್ನು ನಾನು ನೋಡಿದೆ. ನೋಡಿಯೂ ನನಗೆ ಏನೂ ಅನ್ನಿಸಲಿಲ್ಲ.

ನೀಲಮ್ಮ ಬಿಚ್ಚಿ ಮತ್ತೆ ಸುತ್ತಿದರು. ಮುಂದಿನ ವಾರ ಕೊಡುವಾಗ ಒಂದೇ ಮಾತು: “ಬಿಚ್ಚುವಾಗನೂ ಎಣಿಸೀನ್ರಿ ಸರ. ಒಂಬೈನೂರ ಅರವತ್ತೇ ಇದ್ವು.” ನಾನು ಹ್ಞೂಂ ಎಂದು ಬಸ್ಸು ಹತ್ತಿದೆ. ಮನೆಗೆ ಬಂದು ಹಾಕಿದರೆ ಅದೇ ಗುಂಯ್. ಬೇಸರವಾಗಿ ಆಂಪ್ಲಿಫೈಯರಿನ ಪೆಟ್ಟಿಗೆಯ ಮೇಲೆ ಬಟ್ಟೆ ಮುಚ್ಚಿಟ್ಟೆ.

ತಪ್ಪು ಸಿಕ್ಕಿದ್ದು ತರಗತಿಯಲ್ಲಿ. ಕಪ್ಪುಹಲಗೆಯ ಮೇಲೆ ವಿದ್ಯುನ್ಮಂಡಲ ಬರೆದು, ಪ್ರತಿ ವರ್ಷ ಹೇಳುವ ವಾಕ್ಯವನ್ನೇ ಹೇಳುತ್ತಿದ್ದೆ: “ತಂತಿಗೂ ಅಲ್ಪ ಸ್ವಲ್ಪ ರೋಧ, ಅಂದರೆ ಕರೆಂಟಿಗೆ ಅಡ್ಡಿ, ಇರುತ್ತದೆ. ಲೆಕ್ಕ ಸುಲಭವಾಗಲಿ ಎಂದು ಅದನ್ನು ಸೊನ್ನೆ ಎಂದು ಇಟ್ಟುಕೊಳ್ಳೋಣ.” ಅಲ್ಲಿಗೇ ಸೀಮೆಸುಣ್ಣ ನಿಂತಿತು. ಪೆಟ್ಟಿಗೆಯೊಳಗೆ ನಾನು ಮಾಡಿದ್ದೂ ಅದನ್ನೇ. ದೊಡ್ಡ ಕರೆಂಟು ಹರಿದು ಹೋಗುವ ತಂತಿಗೇ ಹಾಡಿನ ಸಣ್ಣ ತಂತಿಯನ್ನೂ ಕಟ್ಟಿದ್ದೆ. ಗೇಣುದ್ದದ ತಂತಿಗೆ ಎಂಥ ರೋಧ ಎಂದು. ಆ ಇಷ್ಟೇ ಇಷ್ಟು ರೋಧದ ಮೇಲೆ ಹುಟ್ಟುತ್ತಿದ್ದ ಸದ್ದನ್ನು ನನ್ನ ಯಂತ್ರ ಶ್ರದ್ಧೆಯಿಂದ ದೊಡ್ಡದು ಮಾಡುತ್ತಿತ್ತು. ಸಂಜೆ ಮನೆಗೆ ಬಂದು ಆ ಒಂದು ತಂತಿಯನ್ನು ಕಿತ್ತು ಬೇರೆ ಕಡೆ ಬೆಸೆದೆ. ಸದ್ದು ನಿಂತಿತು. ಹೆಂಡತಿ ಅಡುಗೆಮನೆಯಿಂದ ಬಂದು, “ಕರೆಂಟು ಹೋತೇನ್ರಿ?” ಎಂದು ಕೇಳಿದಳು. ಅಷ್ಟು ನಿಶ್ಶಬ್ದ.

ಖುಷಿಯಲ್ಲಿ ರಾತ್ರಿ ಊಟದ ತನಕ ಹಾಡು ಕೇಳಿದೆವು. ದೇವದುರ್ಗಕ್ಕೆ ಹೋಗಿ ಹೇಳಿದರಾಯಿತು ಎಂದು ಮನಸ್ಸಿನಲ್ಲೇ ಇತ್ತು. ಆ ಶನಿವಾರ ಪರೀಕ್ಷೆ ಬಂತು, ಮುಂದಿನದಕ್ಕೆ ನೆಂಟರು. ಹೋಗದಿರಲು ಕಾರಣ ಹುಡುಕುವವನಿಗೆ ಶನಿವಾರಗಳು ಬಹಳ ಸಹಾಯ ಮಾಡುತ್ತವೆ. ಎರಡು ತಿಂಗಳಾಯಿತು.

ಒಂದು ದಿನ ಮಲ್ಲಯ್ಯ ಪ್ರಯೋಗಶಾಲೆಯಲ್ಲಿ ಗಾಜಿನ ಸಾಮಾನು ಒರೆಸುತ್ತ ಅಂದ: “ಪಾಪ, ನೀಲಮ್ಮನ ಅಂಗಡಿಗೆ ಈಗ ಮಂದಿ ಕಮ್ಮಿ ಆಗ್ಯಾರ್ರಿ. ಯಾರೋ ಓದಿದವ್ರು ಬಂದು ಆಕಿ ಸುತ್ತು ಖೊಟ್ಟಿ ಅಂದ್ರಂತ. ಸಂತ್ಯಾಗೆಲ್ಲ ಅದೇ ಮಾತು.”

ಆ ಓದಿದವರು ಯಾರೆಂದು ಅವನಿಗೆ ತಿಳಿದಿರಲಿಲ್ಲ. ನಾನು ಹೇಳಲೂ ಇಲ್ಲ. ಆದರೆ ಆ ಶನಿವಾರ ಹೋದೆ, ಬೇಕೆಂದೇ ಸಂತೆಯ ಹೊತ್ತಿಗೆ. ಬೆಂಚಿನ ಮೇಲೆ ಇಬ್ಬರಿದ್ದರು, ಅದರಲ್ಲಿ ಒಬ್ಬರು ಬರೀ ನೆರಳಿಗೆ ಕೂತವರು. ನೀಲಮ್ಮ ಹಿಡಿಕೆ ತಿರುವುತ್ತಿದ್ದರು. ಬೀಜ ಬೀಳುವ ತನಕ ಕಾದೆ.

“ನೀಲಮ್ಮನವರ, ನಿಮ್ಮ ಸುತ್ತು ಸರಿ ಇತ್ರಿ. ಮದ್ಲಿಂದೂ ಸರಿ ಇತ್ತು. ತಪ್ಪು ನಂದು. ತಂತಿ ಕೂಡಸೂದ್ರಾಗ ನಾನ ತಪ್ಪಿದ್ದೆ.”

ಆಕೆ ತಲೆ ಎತ್ತಿದರು. “ಯಾವಾಗ ಗೊತ್ತಾತ್ರಿ?”

ಈ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. “ಎರಡು ತಿಂಗಳಾತು” ಎಂದೆ.

ನೀಲಮ್ಮ ಸೆರಗಿನಿಂದ ಕೈ ಒರೆಸಿಕೊಂಡರು. “ನನಗ ಗೊತ್ತಿತ್ರಿ ಸರ, ಎಣಿಕಿ ತಪ್ಪಿಲ್ಲ ಅಂತ. ಆದ್ರೂ ಬಿಚ್ಚಿದ್ನಿ. ನೀವು ಲೆಕ್ಕ ಬರಕೊಂಡು ಬಂದವ್ರು. ನನ್ನ ಹಂತ್ಯಾಕ ಬರೇ ಬೀಜ ಇದ್ವು.” ಬೀಜದ ತಾಟನ್ನು ಪಕ್ಕಕ್ಕೆ ಸರಿಸಿ, “ನನಗ ಹೇಳಿದ್ರ ಏನ್ ಬಂತ್ರಿ? ಯಂಕಪ್ಪಗ ಹೇಳ್ರಿ” ಎಂದರು.

ಅವತ್ತೇ ಶರಣಪ್ಪನವರ ಗಾಡಿಯ ಹಿಂದೆ ಕೂತು ಯಂಕಪ್ಪನವರ ಊರಿಗೆ ಹೋದೆ. ಅವರು ಭತ್ತದ ಗದ್ದೆಯ ಬದುವಿನ ಮೇಲೆ ನಿಂತಿದ್ದರು. ಬೇರೆ ಕಡೆ ಸುತ್ತಿಸಿದ ಮೋಟರು ಧಾರಾಳವಾಗಿ ನೀರು ಎತ್ತುತ್ತಿತ್ತು. ಅದು ಕೆಟ್ಟಿರಲಿ ಎಂದು ನಾನು ದಾರಿಯುದ್ದಕ್ಕೂ ಆಸೆಪಟ್ಟಿದ್ದೆ, ಸುಳ್ಳೇಕೆ ಹೇಳಲಿ. ನಾನು ಎಲ್ಲ ಹೇಳಿದೆ. ಅವರು ಕೇಳಿ, “ಇದನ್ನ ಹೇಳಾಕ ಇಷ್ಟು ದೂರ ಬಂದ್ರೇನ್ರಿ?” ಎಂದು ನಕ್ಕರು. “ಮೋಟ್ರ ಛಲೋ ನಡದದ. ಮುಂದ ಸುಟ್ರ ನೋಡೂಣ್ರಿ.” ಅಷ್ಟೇ. ಮಜ್ಜಿಗೆ ಕೊಟ್ಟರು. ಒಂದು ಶನಿವಾರ ಅರ್ಧ ನಿಮಿಷದಲ್ಲಿ ಆಡಿದ್ದನ್ನು ಊರಿನ ಕಿವಿಯಿಂದ ಹಿಂದಕ್ಕೆ ತರಲು ಮುಂದೆ ಒಂದು ವರ್ಷ ಹಿಡಿಯಿತು. ಸಿಕ್ಕವರಿಗೆಲ್ಲ ಹೇಳಿದೆ, ಮಲ್ಲಯ್ಯನಿಗೆ ಮೊದಲು. ಅವನು ಮೂರು ದಿನ ನನ್ನ ಮುಖ ನೋಡಲಿಲ್ಲ. ಆಮೇಲೆ ಅವನೇ ನನಗಿಂತ ಜೋರಾಗಿ ಸಂತೆಯಲ್ಲಿ ಸಾರಿದ. ಜನ ನಿಧಾನಕ್ಕೆ ಬಂದರು. ಬಾರದವರೂ ಇದ್ದಾರೆ.

ಹೋದ ತಿಂಗಳು ರಾಯಚೂರಿನಲ್ಲಿ ಸಂಬಂಧಿಕರ ಮದುವೆಗೆಂದು ಬಂದ ಗಂಡ ಹೆಂಡತಿ ನಮ್ಮ ಮನೆಗೂ ಬಂದರು. ನೀಲಮ್ಮ ಪೆಟ್ಟಿಗೆ ತೋರಿಸಿ ಎಂದರು. ಸ್ವಿಚ್ ಹಾಕಿ, ಯಾವ ಹಾಡು ಬೇಕೆಂದು ಕೇಳಿದೆ. “ತಡೀರಿ, ಹಾಡು ಬ್ಯಾಡ” ಎಂದು ನೆಲಕ್ಕೆ ಕೂತು ಸ್ಪೀಕರಿಗೆ ಕಿವಿ ಹಚ್ಚಿದರು. ಎಷ್ಟೋ ಹೊತ್ತು ಹಾಗೇ ಇದ್ದರು. “ಏನೂ ಕೇಳಸವಲ್ದು” ಎಂದು ಗಂಡನ ಕಡೆ ತಿರುಗಿ ಹೇಳಿದಾಗ ಮುಖದಲ್ಲಿ ನಗು ಇತ್ತು. ಆಮೇಲೆ ಹಾಡೂ ಕೇಳಿದರು, ಚಹಾ ಕುಡಿದರು. ಹೋಗುವಾಗ ಹೊಸ್ತಿಲಲ್ಲಿ ನಿಂತು ಅಂದರು: “ನನಗೂ ಒಂದು ಮಾಡಿಕೊಡ್ರಿ ಸರ. ಟ್ರಾನ್ಸ್‌ಫಾರ್ಮರ್ ನಾನ ಸುತ್ತಿ ಕಳಸ್ತೀನಿ. ಅಂಗಡ್ಯಾಗ ಇಟ್ಕೋತೀನಿ.”

“ಎಣಿಸುವಾಗ ಹಾಡು ಕೇಳ್ತೀರೇನ್ರಿ?” ಎಂದಳು ನನ್ನ ಹೆಂಡತಿ.

“ಎಣಿಸುವಾಗ ಇಲ್ರಿ ಯವ್ವಾ. ವಾರ್ನಿಶ್ ಒಣಗೂ ತನಕ.”

ನೀಲಮ್ಮ ಸುತ್ತಿ ಕಳಿಸಿದ ಟ್ರಾನ್ಸ್‌ಫಾರ್ಮರ್ ಕೂಡಿಸಿ, ನಿನ್ನೆ ಆ ಹೊಸ ಪೆಟ್ಟಿಗೆಯ ಕೊನೆಯ ಬೆಸುಗೆ ಮುಗಿಸಿದೆ. ನಾಳೆ ಭಾನುವಾರ ಅವರಿಬ್ಬರೂ ಒಯ್ಯಲು ಬರುತ್ತಾರೆ. ಪೆಟ್ಟಿಗೆಗೆ ಇನ್ನೂ ಕರೆಂಟು ಕೊಟ್ಟಿಲ್ಲ. ಇವತ್ತು ಬೆಳಿಗ್ಗೆ ಹೆಂಡತಿ ತಡೆಯಲಾರದೆ ಕೇಳಿದಳು: “ಮದ್ಲ ಒಮ್ಮೆ ಹಚ್ಚಿ ನೋಡ್ರಲಾ. ನಾಳೆ ಅವ್ರ ಮುಂದ ಗುಂಯ್ ಅಂದ್ರ ಏನ್ ಮಾಡ್ತೀರಿ?”

“ಅಂದ್ರ ಅನ್ಲಿ” ಎಂದೆ. “ಈ ಸಲ ಅವ್ರ ಮುಂದ ನನ್ನ ಬೆಸುಗಿ ಬಿಚ್ತೀನಿ.”