ಬರ್ನಿಯ ಚೀಟಿ ಮತ್ತು ಮನೆಗೆ ಹೋಗದ ಮುದುಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಮೆರಿಕದ ಮಿಲ್ವಾಕಿ ನಗರದ ದಕ್ಷಿಣ ಭಾಗದಲ್ಲಿ ಬಸ್ಸಿಳಿದ ಬರ್ನಡೆಟ್ ನೊವಾಚೆಕ್, ರೆಕಾರ್ಡು ಅಂಗಡಿಯ ಹಿಂಬಾಗಿಲಿಗೆ ಬಂದು ಬೂಟಿನ ಹಿಮ ಕೊಡವುತ್ತಾರೆ. ಒಳಗೆ ಹೋದರೂ ಕೋಟು ತೆಗೆಯುವುದಿಲ್ಲ, ದೊಡ್ಡ ದೀಪ ಹಾಕುವುದಿಲ್ಲ. ಹೊಸದಾಗಿ ಬಂದ ಒಂದು ರೆಕಾರ್ಡು ತೆಗೆದು, ಒರೆಸಿ, ತಿರುಗಲು ಬಿಟ್ಟು, ಮುಳ್ಳು ಇಳಿಸಿ, ಸ್ಪೀಕರಿನ ಎದುರು ಗಿಡ್ಡ ಸ್ಟೂಲಿನಲ್ಲಿ ಕೂರುತ್ತಾರೆ. ಕೇಳುವಾಗ ಕಸ ಗುಡಿಸುವುದಿಲ್ಲ, ಕಾಫಿ ಕುಡಿಯುವುದಿಲ್ಲ. ಎರಡೂ ಬದಿ ಮುಗಿದ ಮೇಲೆ ದಪ್ಪ ಕಾಗದದ ಚೀಟಿಯೊಂದರ ಮೇಲೆ ಹಸಿರು ಪೆನ್ನಿನಲ್ಲಿ ನಾಲ್ಕು ಸಾಲು ಬರೆದು, ಕೆಳಗೆ 'ಬರ್ನಿ' ಎಂದು ಹೆಸರು ಹಾಕುತ್ತಾರೆ.

"ಈ ಹೊತ್ತಲ್ಲಿ ಯಾರಾದ್ರೂ ಮಾತಾಡಿಸಿದ್ರೆ ನಂಗೆ ಆಗಲ್ಲ. ನಿಮಗೂ ಸೇರಿಸೇ ಹೇಳ್ತಿದೀನಿ, ಪೇಪರ್‌ನೋರೆ," ಎನ್ನುತ್ತಾರೆ.

ಬಾಯಿ ಮುಚ್ಚಿಸಿದರೆ ನನಗೆ ಅನುಮಾನ ಹೆಚ್ಚುತ್ತದೆ. ನಿಜ ಹೇಳಬೇಕೆಂದರೆ ನಾನು ಇಲ್ಲಿಗೆ ಬಂದದ್ದೇ ಅನುಮಾನದಿಂದ. ಅಂಗಡಿಗಳಲ್ಲಿ 'ನಮ್ಮ ಮೆಚ್ಚಿನವು' ಎಂದು ಅಂಟಿಸುತ್ತಾರಲ್ಲ, ಅದನ್ನು ನಾನು ನಂಬಿದವನಲ್ಲ. ಹೋಟೆಲಿನವರು 'ಇವತ್ತಿನ ಸ್ಪೆಷಲ್' ಎಂದರೆ ನಿನ್ನೆ ಮಿಕ್ಕಿದ್ದೇನು ಎಂದು ಯೋಚಿಸುವ ಬುದ್ಧಿ ನನ್ನದು. ಇದೇ ಬೀದಿಯಲ್ಲಿ ಬಹಳ ಕಾಲದಿಂದ ಇದ್ದರೂ ಬರ್ನಿಯ ಚೀಟಿ ನೋಡಿ ಒಂದು ರೆಕಾರ್ಡನ್ನೂ ಕೊಂಡಿರಲಿಲ್ಲ.

ಬಾಗಿಲ ಪಕ್ಕದ ಶೆಲ್ಫು ಪೂರ್ತಿ ಅವರದು. ರೆಕಾರ್ಡುಗಳ ಜೊತೆ ಯಾರೋ ಓದಿ ಮಾರಿದ ಹಳೆಯ ಕಾದಂಬರಿಗಳು, ಸಿನಿಮಾ ಡಿಸ್ಕುಗಳು. ಒಂದೊಂದರ ಕೆಳಗೂ ಒಂದು ಹಸಿರು ಚೀಟಿ. ಅಂಗಡಿ ಹಾಕಿದ ಹಿರಿಯ ಟಿಲ್ಮನ್ ಒಂದು ಕಟ್ಟಳೆ ಮಾಡಿಟ್ಟು ಹೋಗಿದ್ದಾರೆ. ಪೂರ್ತಿ ಕೇಳದೆ, ಓದದೆ, ನೋಡದೆ ಯಾರೂ ಚೀಟಿ ಬರೆಯುವಂತಿಲ್ಲ. ಕೊಂಡವರಿಗೆ ಹಿಡಿಸದಿದ್ದರೆ, ಬರೆದವರ ಮುಖದೆದುರೇ ಅದನ್ನು ಹೇಳಿ ವಾಪಸು ಕೊಡಬೇಕು. ಮುಖಕ್ಕೆ ಹೇಳಿಸಿಕೊಳ್ಳಲು ಯಾರಿಗೆ ಇಷ್ಟ? ಉಳಿದ ಕೆಲಸಗಾರರು ಒಬ್ಬೊಬ್ಬರಾಗಿ ಚೀಟಿ ಬರೆಯುವುದನ್ನೇ ಬಿಟ್ಟರು. ಬರ್ನಿ ಬಿಡಲಿಲ್ಲ.

ಅವರು ಮೊದಲು ಇದ್ದದ್ದು ಚರ್ಮ ಹದ ಮಾಡುವ ಕಾರ್ಖಾನೆಯಲ್ಲಿ. ಅದು ಮುಚ್ಚಿದಾಗ ಹಿರಿಯ ಟಿಲ್ಮನ್ ಅವರನ್ನು ಹಳೆಯ ರೆಕಾರ್ಡು ತೊಳೆಯಲು ಇಟ್ಟುಕೊಂಡರು. ಸತ್ತವರ ಮನೆಗಳ ನೆಲಮಾಳಿಗೆಯಿಂದ ಪೆಟ್ಟಿಗೆಗಟ್ಟಲೆ ಬರುತ್ತಿದ್ದ, ಬೂಷ್ಟು ಹಿಡಿದ ಸರಕು. "ಮೈಯಿಂದ ಚರ್ಮದ ವಾಸನೆ ಹೋಗೋಕೆ ಒಂದು ಚಳಿಗಾಲ ಹಿಡೀತು. ಗಿರಾಕಿಗಳು ದೂರ ನಿಲ್ಲೋರು. ಹಿಂದಿನ ರೂಮಲ್ಲಿ ತೊಳೀತಾ ಕೂತಿರ್ತಿದ್ದೆ. ತೊಳೆದದ್ದು ಸರಿಯಾಗಿದ್ಯಾ ಅಂತ ನೋಡೋಕೆ ಹಾಕಿ ಕೇಳ್ಬೇಕಲ್ಲ. ಹಾಗೇ ಹಾಡಿಗೆ ಕಿವಿ ಪಳಗ್ತು," ಎನ್ನುತ್ತಾರೆ. ಗಂಡ ಸ್ಟಾನ್‌ಗೆ ಅದೇ ಕಾರ್ಖಾನೆ ಕೆಮ್ಮು ಕೊಟ್ಟಿತು. ಅವರು ಮಲಗಿದ್ದ ವರ್ಷಗಳಲ್ಲಿ ಬರ್ನಿ ಸಿನಿಮಾ ನೋಡಿದ್ದೆಲ್ಲ ಶಬ್ದ ತಗ್ಗಿಸಿ, ಹಾಸಿಗೆಯ ಪಕ್ಕದಲ್ಲಿ.

ಅಂಗಡಿ ತೆರೆದೊಡನೆ ರಾತ್ರಿ ಪಾಳಿ ಮುಗಿಸಿದ ಒಬ್ಬ ನರ್ಸು ಬರುತ್ತಾಳೆ. ಏನಾದರೂ ಒಳ್ಳೆಯದು ಕೊಡು ಎನ್ನುತ್ತಾಳೆ. ಬರ್ನಿ ಅವಳ ಇಷ್ಟ ಕೇಳುವುದಿಲ್ಲ.

"ಕೊನೇ ಸಲ ಯಾವ ಹಾಡನ್ನ ಅರ್ಧಕ್ಕೇ ನಿಲ್ಲಿಸ್ದೆ? ಯಾಕೆ?"

"ಹಾಡೋನು ತುಂಬಾ ಖುಷಿಯಾಗಿದ್ದ. ನನ್ನಿಂದ ಸಹಿಸೋಕಾಗ್ಲಿಲ್ಲ."

ಬರ್ನಿ ರೆಕಾರ್ಡು ಬಿಟ್ಟು ಒಂದು ಕಾದಂಬರಿ ಕೈಗಿಡುತ್ತಾರೆ. "ಇದ್ರಲ್ಲಿ ಯಾರೂ ಖುಷಿಯಾಗಿಲ್ಲ. ಆದ್ರೂ ನಿಂಗೆ ನಗು ಬರುತ್ತೆ ನೋಡು."

ನನಗೆ ತೋರಿಸಲೆಂದೇ ಕರೆಸಿದ ನರ್ಸಿರಬಹುದೇ ಎಂದು ಹಿಂದೆಯೇ ಹೋಗಿ ವಿಚಾರಿಸಿದೆ. "ನೀವ್ಯಾರು? ಯಾಕೆ ನನ್ನ ಹಿಂದೆ ಬರ್ತಿದೀರಾ?" ಎಂದು ಅವಳೇ ನನ್ನನ್ನು ಅನುಮಾನಿಸಿ ರಸ್ತೆ ದಾಟಿದಳು.

ಆದರೆ ಈ ವಾರ ಆ ಹಸಿರು ಚೀಟಿಗಳ ಮಾನವೇ ಹೋಗುವಂತಾಗಿದೆ. ಕಾರಣ, ನಾರ್ತ್ ಸೈಲೋ ಎಂಬ ಹೊಸ ತಂಡದ ರೆಕಾರ್ಡು. ಕವರಿನ ಮೇಲೆ ಒಂದು ಕೊಟ್ಟಿಗೆಯ ಚಿತ್ರ, ಅಷ್ಟೆ. ಹಾಡಿದವರ ಮುಖವಿಲ್ಲ, ಹೆಸರಿಲ್ಲ. ಬರ್ನಿ ಅದನ್ನು ಬೆಳಿಗ್ಗೆ ಕೇಳಿ ಬರೆದದ್ದು ಹೀಗೆ: 'ಊಟ ಮುಗಿದರೂ ಅಡುಗೆಮನೆಯಿಂದ ಏಳದ ಒಬ್ಬ ಮುದುಕ. ಅವನಿಗೆ ಆತುರವಿಲ್ಲ. ಎದುರಿನ ಕುರ್ಚಿ ಖಾಲಿ ಇದೆ, ಕೂತುಕೊಳ್ಳಿ.'

ಬಸ್ಸು ಓಡಿಸಿ ನಿವೃತ್ತರಾದ ಮರ್ವಿನ್ ಗೆರ್ಲಾಕ್ ಈ ಚೀಟಿ ಓದಿ ರೆಕಾರ್ಡು ಕೊಂಡರು. ಮಾರನೆಯ ದಿನ ಕಟ್ಟಳೆಯಂತೆ ಬರ್ನಿಯ ಎದುರು ನಿಂತರು.

"ಎಲ್ಲಿ ನಿನ್ ಮುದುಕ? ನಮ್ಮನೇಲಿ ಒಬ್ಳು ಹುಡುಗಿ ಹಾಡ್ತಿದಾಳೆ. ಅದೂ ಬಸ್ಸು ತಪ್ಪೋಗುತ್ತೆ ಅನ್ನೋ ಅವಸರದಲ್ಲಿ."

ಬರ್ನಿ ಅದನ್ನೇ ತೆಗೆದು ಅಂಗಡಿಯ ಯಂತ್ರದ ಮೇಲೆ ಹಾಕಿದರು. ಮುದುಕ ನಿಧಾನವಾಗಿ ಹಾಡತೊಡಗಿದ. "ಇವನೇನಾ ನಿನ್ ಹುಡುಗಿ?"

"ನಾನ್ ತಂದಿದ್ದು ಇದಲ್ಲ. ನೀನು ಬದಲಾಯಿಸಿದೀಯ."

"ನಿನ್ ಕಣ್ಣೆದುರೇ ಕವರಿಂದ ತೆಗೆದೆನಲ್ಲೋ."

"ಕಣ್ಣೆದುರೇ ಇಸ್ಪೀಟು ಬದಲಾಯಿಸೋರನ್ನ ನನ್ ಬಸ್ಸಲ್ಲೇ ನೋಡಿದೀನಿ, ಬರ್ನಿ."

ಮರ್ವಿನ್ ಮನೆಗೆ ಒಯ್ದರೆ ಮತ್ತೆ ಹುಡುಗಿ. ಈ ಗುಲ್ಲು ಹಿರಿಯ ಟಿಲ್ಮನ್‌ರ ಮಗ, ಈಗಿನ ಮಾಲೀಕ ರಸೆಲ್ ಕಿವಿಗೆ ಬಿತ್ತು. ಅವರು ಫೋನಿನಲ್ಲಿ ಆ ಹಾಡು ಹುಡುಕಿದರು. ಅಲ್ಲೂ ಹುಡುಗಿ.

"ಕವರ್ ನೋಡ್ಕೊಂಡು ಮುದುಕನ್ನ ಹುಟ್ಟಿಸಿದೀಯ. ಕೇಳದೇನೇ ಬರೆದಿದೀಯ," ಎಂದರು ರಸೆಲ್.

"ರೆಕಾರ್ಡ್ ಹಾಕಿ ಕೇಳು."

"ಫೋನಲ್ಲೇ ಕೇಳಾಯ್ತು. ಸೋಮವಾರ ಆ ಶೆಲ್ಫ್ ತೆಗೆಸ್ತೀನಿ."

ಗಲ್ಲಾದ ಹಿಂದೆ ಯಾವುದೋ ಕಂಪನಿಯ ದೊಡ್ಡ ಪೋಸ್ಟರಿನ ಸುರುಳಿ ನಿಂತಿತ್ತು. ಶೆಲ್ಫಿನ ಜಾಗಕ್ಕೆ ಅಳತೆ ಮಾಡಿಸಿದಂತಿತ್ತು. ಅದು ದೂರು ಬಂದ ಮೇಲೆ ಬಂದದ್ದೋ ಮೊದಲೇ ಬಂದಿತ್ತೋ, ನನಗೆ ಅನುಮಾನ. ಮರ್ವಿನ್‌ಗೆ ಬರ್ನಿಯ ಮೇಲೆ, ಬರ್ನಿಗೆ ಮರ್ವಿನ್ ಮೇಲೆ, ರೆಕಾರ್ಡು ಅಚ್ಚೊತ್ತುವ ಕಾರ್ಖಾನೆಯ ಮೇಲೆ, ಕಡೆಗೆ ರಸೆಲ್ ಮೇಲೂ ಅನುಮಾನ. ಬರ್ನಿಯ ಕಿವಿಯೇ ಮಂದವಾಯಿತೇನೋ ಎಂದು ನಾನೂ ಅವರ ಬೆನ್ನ ಹಿಂದೆ ಮೆಲ್ಲಗೆ ಕೆಮ್ಮಿ ನೋಡಿದೆ. ತಕ್ಷಣ ತಿರುಗಿದರು.

"ಕದ್ದೆ ಅಂದಿದ್ರೆ ನಕ್ಕು ಸುಮ್ನಾಗ್ತಿದ್ದೆ. ಕೇಳದೇ ಬರೆದೆ ಅಂತಾನಲ್ಲ, ಅದು ಗಂಟಲಲ್ಲಿ ಇಳೀತಿಲ್ಲ," ಎಂದರು. ಇಷ್ಟು ಅನುಮಾನದ ನನಗೂ ಅವತ್ತು ಅವರನ್ನು ನೋಡಿ ಸಂಕಟವಾಯಿತು.

ಶನಿವಾರ ಅಂಗಡಿ ತೆರೆಯುವ ಮೊದಲೇ ಮರ್ವಿನ್ ಸೂಟ್‌ಕೇಸಿನಂಥ ತಮ್ಮ ಹಳೆಯ ರೆಕಾರ್ಡು ಯಂತ್ರವನ್ನು ಹೊತ್ತು ಬರುತ್ತಾರೆ. ತಾವೇ ಓಡಿಸುತ್ತಿದ್ದ ಮಾರ್ಗದ ಬಸ್ಸಿನಲ್ಲಿ, ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದಾರೆ. "ಇವತ್ತು ಎಲ್ಲರ ಎದುರೇ ಆಗೋಗ್ಲಿ," ಎಂದು ಗಲ್ಲಾದ ಮೇಲೆ ಇಡುತ್ತಾರೆ. ರಸೆಲ್ ಕೈಕಟ್ಟಿ ನಿಂತಿದ್ದಾರೆ.

ಮರ್ವಿನ್ ತಮ್ಮ ರೆಕಾರ್ಡು ಹಾಕುತ್ತಾರೆ. ಹುಡುಗಿ ಹಾಡುತ್ತಾಳೆ. ತುಸು ಗಡಸು ಕಂಠ, ಆದರೂ ಹುಡುಗಿಯೇ. ಬರ್ನಿ ಯಂತ್ರದ ಹತ್ತಿರ ಬಗ್ಗಿ ಕೇಳುತ್ತಾರೆ. ಅವರು ಅವಳನ್ನು ಕೇಳುತ್ತಿರುವುದು ಇದೇ ಮೊದಲು. ಶೆಲ್ಫಿನಿಂದ ಅದೇ ರೆಕಾರ್ಡಿನ ಇನ್ನೊಂದು ಪ್ರತಿ ತೆಗೆದು ಅಂಗಡಿಯ ಯಂತ್ರಕ್ಕೆ ಹಾಕುತ್ತಾರೆ. ಮುದುಕ ಹಾಡುತ್ತಾನೆ. ಎರಡೂ ಒಟ್ಟಿಗೆ ತಿರುಗುತ್ತಿವೆ. ಹುಡುಗಿ ಅಂದದ್ದನ್ನೇ ಮುದುಕ ತಡವಾಗಿ ಅನ್ನುತ್ತಿದ್ದಾನೆ. ಅದೇ ಮಾತು, ಅದೇ ರಾಗ.

ರಸೆಲ್ ಬಗ್ಗಿ ಮರ್ವಿನ್ ಯಂತ್ರದ ವೇಗದ ಗುಂಡಿ ನೋಡುತ್ತಾರೆ. ನಿಮಿಷಕ್ಕೆ ನಲವತ್ತೈದು ಸುತ್ತಿನಲ್ಲಿದೆ. ಅಂಗಡಿಯದು ಮೂವತ್ತಮೂರರಲ್ಲಿ. ದೊಡ್ಡ ರೆಕಾರ್ಡುಗಳು ಸಾಮಾನ್ಯವಾಗಿ ನಿಧಾನ ತಿರುಗುತ್ತವೆ, ಚಿಕ್ಕವು ವೇಗವಾಗಿ. ಈ ತಂಡದವರು ದೊಡ್ಡದನ್ನು ವೇಗದಲ್ಲಿ ತಿರುಗಿಸಲೆಂದು ಮಾಡಿ, ಅದನ್ನು ಎಲ್ಲೂ ಬರೆಯದೆ ಬಿಟ್ಟಿದ್ದಾರೆ. ನಿಧಾನ ತಿರುಗಿದರೆ ಹಾಡಿನ ಜೊತೆ ಕಂಠವೂ ತಗ್ಗಿ ದಪ್ಪವಾಗುತ್ತದೆ. ದೊಡ್ಡದೆಂದರೆ ಮೂವತ್ತಮೂರು ಎಂದು ಬರ್ನಿಯ ಕೈ ತಾನಾಗಿ ಹಾಕಿದೆ. ಮರ್ವಿನ್ ಮನೆಯಲ್ಲಿ ಇದ್ದದ್ದೆಲ್ಲ ಚಿಕ್ಕ ರೆಕಾರ್ಡುಗಳು, ತೀರಿಹೋದ ಹೆಂಡತಿ ರೂತ್‌ಳ ಪೋಲ್ಕಾ ಕುಣಿತದ ಹಾಡುಗಳು. ಆಕೆ ಬಿಟ್ಟುಹೋದಲ್ಲಿಂದ ಮರ್ವಿನ್ ಆ ಗುಂಡಿಯನ್ನು ಕದಲಿಸಿಯೇ ಇಲ್ಲ.

ರಸೆಲ್ ಜೋರಾಗಿ ನಗುತ್ತಾರೆ. ಬೇರೆ ಯಾರೂ ನಗುವುದಿಲ್ಲ.

"ಆಮೇಲೆ ನಗು," ಎನ್ನುತ್ತಾರೆ ಬರ್ನಿ. "ಮೊದ್ಲು ಹೇಳು, ನಾನು ಕೇಳಿದ್ನೋ ಇಲ್ವೋ?"

"ತಪ್ಪು ಸ್ಪೀಡಲ್ಲಿ..."

"ಸ್ಪೀಡಿಂದು ನಾನ್ ನೋಡ್ಕೋತೀನಿ. ಕೇಳಿದ್ನೋ ಇಲ್ವೋ?"

"ಕೇಳಿದ್ದೀಯ, ಬರ್ನಿ."

"ನೀನು?"

ರಸೆಲ್ ಕೈಯಲ್ಲಿದ್ದ ಫೋನನ್ನು ಜೇಬಿಗಿಳಿಸಿ, ಪೋಸ್ಟರಿನ ಸುರುಳಿ ಎತ್ತಿಕೊಂಡು ಹಿಂದಿನ ಕೋಣೆಗೆ ಹೋಗುತ್ತಾರೆ.

ಮರ್ವಿನ್ ತಮ್ಮ ಯಂತ್ರದ ಮುಂದೆ ಪೆಚ್ಚಾಗಿ ನಿಂತಿದ್ದಾರೆ. "ಹಾಗಾದ್ರೆ ಇದನ್ನ ತಿರುಗಿಸ್ಬೇಕು, ಅಲ್ವಾ? ನಂಗೆ ಬೇಕಾಗಿದ್ದು ಆ ಮುದುಕನೇ," ಎಂದು ಗುಂಡಿಗೆ ಬೆರಳು ಹಚ್ಚುತ್ತಾರೆ.

ಬರ್ನಿ ಅವರ ಕೈ ಹಿಡಿಯುತ್ತಾರೆ. "ಬೇಡ. ರೂತ್ ಎಲ್ಲಿಟ್ಟಿದ್ಲೋ ಅಲ್ಲೇ ಇರ್ಲಿ. ಮುದುಕ ಬೇಕು ಅಂದ್ರೆ ಬೆಳಿಗ್ಗೆ ಇಲ್ಲಿಗೆ ಬಾ. ಮಾತಾಡೋ ಹಾಗಿಲ್ಲ, ಅಷ್ಟೆ."

ರಸೆಲ್ ಆ ಸುರುಳಿಯನ್ನು ಎಸೆದರೋ, ಸೋಮವಾರಕ್ಕೆಂದು ಎತ್ತಿಟ್ಟರೋ ಎಂಬ ಅನುಮಾನ ನನ್ನನ್ನು ಬಿಡಲಿಲ್ಲ. ಸೋಮವಾರ ನಸುಕಿನಲ್ಲೇ ಹೋಗಿ ಗಾಜಿನಿಂದ ಇಣುಕಿದೆ. ಸ್ಪೀಕರಿನ ಎದುರು ಎರಡು ಸ್ಟೂಲುಗಳು. ಬರ್ನಿ ಮತ್ತು ಮರ್ವಿನ್, ಇಬ್ಬರೂ ಕೋಟು ತೆಗೆಯದೆ, ಮಾತಿಲ್ಲದೆ ಕೂತಿದ್ದರು. ಬಾಗಿಲ ಪಕ್ಕದ ಶೆಲ್ಫು ಇದ್ದಲ್ಲೇ ಇತ್ತು. ಕೊಟ್ಟಿಗೆಯ ಚಿತ್ರದ ಕೆಳಗೆ ಹಸಿರಿನಲ್ಲಿ ಹೊಸ ಚೀಟಿ:

'ಇವಳು ಹುಡುಗಿ. ನಾನು ನಿಧಾನ ತಿರುಗಿಸಿ ಮುದುಕನನ್ನು ಕೇಳಿದೆ. ತಪ್ಪು ನನ್ನದು. ಮುದುಕ ಮಾತ್ರ ಸುಳ್ಳಲ್ಲ. ಎರಡೂ ಬದಿ, ಪೂರ್ತಿ ಕೇಳಿದ್ದೇನೆ. – ಬರ್ನಿ'